ಬೀಗಿತಿಯ ಜತೆ, ಬತುಮಿಯ ತೋಟದಲ್ಲಿ

ಇದ್ದದ್ದು ಒಂದೇ ಕೊಡೆ.
ಅದನ್ನು ಅವರಿಬ್ಬರೂ ತೆಗೆದುಕೊಂಡು ಹೋದರು,
ನನ್ನ ತೆಕ್ಲಾ, ಆಕೆಯ ಬಚಾನಾ.
ಮಳೆಯ ಸುಳಿವೇ ಇಲ್ಲದ ಐದು ಗಂಟೆಗೆ
ಬಿಸಿಲಿಗೆ ಬಿಚ್ಚಿ, ಅದರ ಮರೆಯಲ್ಲಿ
ತಿರುವು ದಾಟಿದರು.

ಹಿಂದುಳಿದವರು ನಾವು, ತಾಯಂದಿರು.
ಮೊದಲ ಭೇಟಿ. ನಾಲಿಗೆಗೂ ಇಸ್ತ್ರಿ ಹಾಕಿಕೊಂಡು ಬಂದಿದ್ದೆವು.
ನೀವು ಮುಂದೆ ನಡೀರಿ, ಇಲ್ಲ ನೀವು, ಎನ್ನುತ್ತ
ಬಂಡಿ ಹೋಗುವಷ್ಟು ಅಗಲದ ದಾರಿಯಲ್ಲೂ ತಡವರಿಸಿದೆವು.
ಕುತಾಯಿಸಿಯಿಂದ ಬಂದ ಲಮ್‌ಜೀರಾ
ಪ್ರತಿ ಮರದ ಹೆಸರಿನ ಫಲಕವನ್ನೂ ಗಟ್ಟಿಯಾಗಿ ಓದಿದಳು.
ಪ್ರತಿ ಮರಕ್ಕೂ ನಾನು ತಲೆಯಾಡಿಸಿದೆ,
ನಾನೇ ನೆಟ್ಟವಳ ಹಾಗೆ.

ನಿಜ ಹೇಳಿದರೆ, ಇದೇ ಊರಲ್ಲಿ ಐವತ್ತೆಂಟು ವರ್ಷ ಕಳೆದ ನಾನು
ಈ ತೋಟಕ್ಕೆ ಬಂದದ್ದು ಮೂರೇ ಸಲ.
"ದಿನಾ ಸಂಜೆ ಇಲ್ಲೇ ನನ್ನ ವಾಕಿಂಗ್"
ಅಂದಿದ್ದೆ ಮಧ್ಯಾಹ್ನದ ಊಟದಲ್ಲಿ.
ಮೊಣಕಾಲು ಅದನ್ನು ಕೇಳಿಸಿಕೊಂಡಿತ್ತು,
ನೀಲಗಿರಿ ಮರಗಳ ಏರಿನಲ್ಲಿ ಲೆಕ್ಕ ಕೇಳತೊಡಗಿತು.
ಕಾಲಲ್ಲಿದ್ದ ಚಪ್ಪಲಿ ಪಕ್ಕದ ಮನೆಯ ಮಕ್ವಾಲಾಳದು,
ಅರ್ಧ ಅಂಗುಲ ಗಿಡ್ಡ.

ಎಷ್ಟು ಜನ, ಯಾವ ಹಾಲ್, ದ್ರಾಕ್ಷಾರಸ ಯಾರ ಹಳ್ಳಿಯದು.
ಆಕೆ ಮುನ್ನೂರು ಅಂದಳು.
ಮುನ್ನೂರೇನು ಮಹಾ ಎಂಬಂತೆ
ನಾನು ಮ್ಯಾಗ್ನೋಲಿಯಾ ಹೂವನ್ನೇ ನೋಡಿದೆ.
ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಅದಕ್ಕೆ ಗೊತ್ತಿದ್ದಂತಿತ್ತು.

ಕಪ್ಪು ಸಮುದ್ರ ಅನ್ನುವುದು ಹೆಸರಿಗಷ್ಟೇ,
ಮಿಕ್ಕ ದಿನ ಅದು ಸೀಸದ ಬಣ್ಣ.
ಈಗ ಒಂದೇ ಉಸಿರಿಗೆ ಹೆಸರಿಗೆ ತಕ್ಕ ಹಾಗಾಯಿತು.
ಕೆಳಗೆ ದಂಡೆಯಗುಂಟ ಹೋಗುತ್ತಿದ್ದ ರೈಲು ಮೊದಲು ನೆನೆಯಿತು,
ಆಮೇಲೆ ಗುಡ್ಡ, ಆಮೇಲೆ ನಾವು.
ಇಲ್ಲಿಯ ಮಳೆ ಹನಿಯಿಂದ ಶುರುವಾಗುವುದಿಲ್ಲ,
ಕೊಡ ಬಗ್ಗಿಸಿದಂತೆ ನಡುವಿನಿಂದಲೇ.

ಓಡಿದೆವು. ಅಂದರೆ, ಆಕೆ ಓಡಿದಳು.
ಚಪ್ಪಲಿ ಕೈಯಲ್ಲಿ ಹಿಡಿದು ಕುಂಟುತ್ತ ನಾನೂ
ಬಿದಿರ ಮೆಳೆಯೊಳಗೆ ಸೇರಿದೆ.
ಬಿದಿರು ಮಳೆಯನ್ನು ತಡೆಯುವುದಿಲ್ಲ,
ಸ್ವಲ್ಪ ತಡಮಾಡುತ್ತದೆ,
ಆಮೇಲೆ ಒಟ್ಟುಮಾಡಿ ಕೊರಳ ಹಿಂದೆಯೇ ಸುರಿಯುತ್ತದೆ.

ಅಲ್ಲಿ ನೋಡಿದೆ:
ಲಮ್‌ಜೀರಾಳ ಕಿವಿಯ ಪಕ್ಕದಿಂದ ಒಂದು ಕಪ್ಪು ಗೆರೆ
ಇಳಿಯುತ್ತಿತ್ತು. ಕೆನ್ನೆಗೆ ಬಂತು, ನಿಂತು ಯೋಚಿಸಿತು,
ಗಲ್ಲ ದಾಟಿ ಬಿಳಿ ಕಾಲರಿಗೆ.
ಇನ್ನೊಂದು, ಹಣೆಯ ನಡುವಿನಿಂದ.
ಹೇಳುವುದು ಮರ್ಯಾದೆಯೋ, ಹೇಳದಿರುವುದೋ?
ಸಂಬಂಧ ಬೆಳೆಸಲು ಬಂದವರ ಮುಖವನ್ನು
ಮೊದಲ ದಿನವೇ ಒರೆಸುವುದು ಹೇಗೆ?

ಮಾತಿಲ್ಲದೆ ಕರವಸ್ತ್ರ ಚಾಚಿದೆ.
ಒರೆಸಿಕೊಂಡಳು. ಅಮಾವಾಸ್ಯೆಯಾದ ಬಟ್ಟೆಯನ್ನು
ತಿರುಗಿಸಿ ಮತ್ತೆ ನೋಡಿದಳು.
"ನಿನ್ನೆ ರಾತ್ರಿ ಹಚ್ಚಿದ್ದು," ಅಂದಳು. "ಅಗ್ಗದ್ದು.
ನೀರಿಗೆ ಹೋಗುವುದಿಲ್ಲ ಅಂತ ಅಂಗಡಿಯವಳು
ತಾಯಾಣೆ ಇಟ್ಟಿದ್ದಳು."
ಆಮೇಲೆ ನನ್ನ ಕೈ ನೋಡಿದಳು, ಊದಿದ ಕಾಲು ನೋಡಿದಳು.
"ಆ ಚಪ್ಪಲಿ ನಿಮ್ಮದಲ್ಲ."
"ಅಲ್ಲ. ಮಕ್ವಾಲಾಳದು."

ಮೊದಲು ನಕ್ಕದ್ದು ಯಾರೋ.
ಬಿದಿರು ಹಿಡಿದುಕೊಂಡು ನಕ್ಕೆವು, ಅದು ಅಲುಗಿ
ಮೇಲೆ ಉಳಿದಿದ್ದನ್ನೂ ಸುರಿಯಿತು.
ನಗುವಿನ ಬಾಲದಲ್ಲೇ ಆಕೆ ಅಂದಳು:
"ಮುನ್ನೂರು ಜನ ನನಗೂ ಗೊತ್ತಿಲ್ಲ ಕಣೇ.
ಹುಡುಗನ ಅಪ್ಪ ಕರೆದರೂ ಬರುವುದಿಲ್ಲ.
ಅಷ್ಟು ಜನರ ನಡುವೆ
ಒಂದು ಕುರ್ಚಿ ಖಾಲಿ ಕಾಣಲಿಕ್ಕಿಲ್ಲ ಅಂತ."

ನಾನೇನೂ ಅನ್ನಲಿಲ್ಲ.
ಕಿವಿಯ ಹಿಂದೆ ಉಳಿದಿದ್ದ ಮಸಿಯನ್ನು ಬೆರಳಿನಿಂದ ತೆಗೆದೆ.
ಕೂದಲ ಬುಡ ಬೆಳ್ಳಗೆ, ನನ್ನದರ ಹಾಗೆಯೇ.

ಮಕ್ಕಳು ಬಂದರು, ಕೊಡೆಯಡಿಯಲ್ಲಿ ಬೆಚ್ಚಗೆ.
"ಅಯ್ಯೋ, ಏನಾಯ್ತು ನಿಮಗೆ?"
"ಮಳೆ," ಅಂದೆವು.
ಅವರು ಕೊಟ್ಟ ಕೊಡೆ ಬೇಡವೆಂದು
ಗೇಟಿನವರೆಗೂ ಬರಿಗಾಲಲ್ಲಿ ಇಳಿದೆವು.
ಒಂದು ಫಲಕವನ್ನೂ ಆಕೆ ಓದಲಿಲ್ಲ.

ಎಷ್ಟು ಜನ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.
ಕರವಸ್ತ್ರವನ್ನು ಮೂರು ಸಲ ಒಗೆದೆ.
ಆ ಅಂಗಡಿಯವಳದು ಸುಳ್ಳಾಣೆಯಲ್ಲ,
ನೀರಿಗೆ ಹೋಗುತ್ತಿಲ್ಲ.